ಯಜಮಾನಿಗೆ ಹೇಳಿದ ಮಾತು

ಫೆಬ್ರವರಿ 3

ಸ್ಕೂಟರ್ ಮತ್ತೆ ಮುಷ್ಕರ. ಒದ್ದೆ. ಬೈದೆ. ಕೊನೆಗೆ ಕೈಮುಗಿದು ಬೇಡಿಕೊಂಡೆ — ಸ್ಟಾರ್ಟ್ ಆಯಿತು. ರೈತರ ವಿಷಯದಲ್ಲೂ ಇದೇ ಕ್ರಮ, ಒದೆಯುವುದೊಂದು ಬಿಟ್ಟು.

ಎಲ್ಲ ಹೊಲದಲ್ಲೂ ಅದೇ ಹರಿಕಥೆ. ಕುದುರೆ ಮೆಂತ್ಯಕ್ಕೆ ವಿಷ ಹೊಡೆಯಬೇಡಿ. ಬೀಜಕ್ಕೆ ಜೀವಾಣು ಲೇಪಿಸಿ ಬಿತ್ತಿ, ಬೇರು ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ. ಮೊದಲ ಹೂ ಕಾಣುವ ತನಕ ಕುಡುಗೋಲು ಮುಟ್ಟಬೇಡಿ. ಎಳೆಯದನ್ನೇ ಕೊಯ್ಯುತ್ತಾ ಹೋದರೆ ಬೇರು ಬಡವಾಗಿ ಹೊಲ ಬೋಳಾಗುತ್ತದೆ. ಕೊಯ್ದದ್ದನ್ನು ಬಾಡಿಸಿ, ಆಮೇಲೆ ಹಸುವಿಗೆ ಹಾಕಿ. ಮುಗಿಯಿತು ಉಪದೇಶ. ಮಂಗಳ ಹಾಡುವುದೊಂದು ಬಾಕಿ.

ಈ ಬೆಳೆಯ ಹೆಸರಿನಲ್ಲಿ ಕುದುರೆ ಇದೆ, ಮೆಂತ್ಯ ಇದೆ. ತಿನ್ನುವುದು ಹಸು, ಮೆಂತ್ಯ ಇದರ ದೂರದ ನೆಂಟ. ನನ್ನ ಹುದ್ದೆಯೂ ಹಾಗೇ. 'ಸುಸ್ಥಿರ ಮೇವು ಸಲಹೆಗಾರ.' ಕೆಲಸದ ಅವಧಿ ಜೂನ್ ತನಕ. ಸುಸ್ಥಿರ!

ಅನುಮಾನದಣ್ಣ ಬದುವಿನ ಮೇಲೆ ಕೂತೇ ಎಲ್ಲ ಕೇಳಿದ. ಅಕ್ಕನ ಹೊಲಕ್ಕೆ ಅಂಟಿಕೊಂಡ ಹೊಲ ಅವನದು. ಸೂರ್ಯ ಮೂಡಿದ್ದಾನೆ ಅಂದರೂ ಒಮ್ಮೆ ಹೊರಗೆ ಹೋಗಿ ನೋಡಿ ಬರುವ ಪೈಕಿ.

"ಹೂ ಬಿಡೋ ತನಕ ಕಾಯೋಕೆ ನಾವೇನು ಹಾರ ಕಟ್ತೀವಾ ಸಾರ್?"

"ಒಂದು ಸಲ ಕಾದು ನೋಡಣ್ಣ."

"ನಿಮ್ಮ ಅಕ್ಕನ ಹೊಲದಲ್ಲಿ ಮೊದಲು ಆಗಲಿ. ಆಮೇಲೆ ನಾನು ಬಿತ್ತಿರೋ ಮಡಿಗೂ ನೀವು ಹೇಳಿದ ಹಾಗೇ. ಈ ರಸ್ತೆಯವರೆಲ್ಲಾ ಅದನ್ನೇ ನೋಡ್ತಾ ಇದಾರೆ."

ಹೌದು. ಬೇರೆ ಯಾರೂ ಒಪ್ಪದಿದ್ದಾಗ ಅಕ್ಕನ ಹೊಲ ಹಿಡಿದವನು ನಾನು. ತಮ್ಮ ಅಂದರೆ ಅಕ್ಕಂದಿರು ಇಲ್ಲ ಅನ್ನುವುದಿಲ್ಲ. ಭಾವ ಅನ್ನುತ್ತಾರೆ — ಆದರೆ ಅವರ ಮಾತನ್ನು ನಾವಿಬ್ಬರೂ ಮೊದಲಿನಿಂದಲೂ ಕೇಳಿಸಿಕೊಂಡವರಲ್ಲ.

ಫೆಬ್ರವರಿ 8

ಅಕ್ಕನ ಮನೆ. ಕೊಟ್ಟಿಗೆಯಲ್ಲೇ ಟೀ. ಅಕ್ಕ ಈ ತುದಿಯಲ್ಲಿ ಹಾಲು ಕರೆಯುತ್ತಿದ್ದಳು, ಭಾವ ಆ ತುದಿಯಲ್ಲಿ ಸಗಣಿ ಬಾಚುತ್ತಿದ್ದರು. ನಡುವೆ ಯಜಮಾನಿ. ಹಸುಗಳಲ್ಲಿ ಹಿರಿಯಳು, ಬಿಳಿ ಹಣೆ, ಒಂದು ಕೊಂಬು ಸೊಟ್ಟ. ಅವಳು ಮುಂದೆ ಹೋಗದೆ ಉಳಿದವು ಗೇಟು ದಾಟುವುದಿಲ್ಲ. ಹೆಸರು ಭಾವ ಇಟ್ಟದ್ದು.

"ಯಜಮಾನೀ, ಟೀ ಆರ್ತಾ ಇದೆ ಅಂತ ಅವರಿಗೆ ಹೇಳು" ಅಂದಳು ಅಕ್ಕ.

"ಯಜಮಾನೀ, ಸಕ್ಕರೆ ಹಾಕಿದ್ದಾರಾ ಕೇಳು. ನಿನ್ನೆ ಮರೆತಿದ್ರು" ಅಂದರು ಭಾವ.

"ಮರೆತಿರಲಿಲ್ಲ ಅಂತ ಹೇಳು."

ಯಜಮಾನಿ ಮೆಲುಕು ಹಾಕುತ್ತಾ ಇಬ್ಬರನ್ನೂ ನೋಡಿದಳು. ಇಷ್ಟು ನಿಷ್ಪಕ್ಷಪಾತವಾದ ನ್ಯಾಯಪೀಠ ನಾನು ಬೇರೆಲ್ಲೂ ಕಂಡಿಲ್ಲ.

ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಕಾರಣ ಬೇಲಿಯಾಚೆಯ ದೊಡ್ಡ ಫಾರಂ. ಅವರಿಗೆ ಈ ಹೊಲ ಗುತ್ತಿಗೆಗೆ ಬೇಕು. ಭಾವನಿಗೆ ಕೊಡುವ ಮನಸ್ಸು: ಮೊಣಕಾಲು ಸವೆದಿದೆ, ಬೆಳಗಾಗುವ ಮೊದಲೇ ಏಳುವುದು ಸಾಕಾಗಿದೆ. ಅಕ್ಕ, "ಹಸು ಹೋದ ದಿನ ನಾನೂ ಹೋದೆ ಅಂದ್ಕೊಳ್ಳಿ" ಅಂದಳಂತೆ. ಅಲ್ಲಿಗೆ ಮಾತು ನಿಂತಿತು. ನಿಲ್ಲುವ ಮೊದಲು ಒಂದು ಒಪ್ಪಂದ ಮಾತ್ರ ಆಗಿತ್ತು — ಈ ಬೇಸಿಗೆಯ ತನಕ ನೋಡುವುದು. ತಮ್ಮನ ಮೇವು ಚೆನ್ನಾಗಿ ಬಂದರೆ ಹಸು ಇರಲಿ. ಇಲ್ಲವೋ, ಹೊಲ ಗುತ್ತಿಗೆಗೆ, ಹಸು ಸಂತೆಗೆ.

ಹೊರಡುವಾಗ ಭಾವ ಭುಜಕ್ಕೆ ಕೈಹಾಕಿದರು. "ಏನಪ್ಪಾ ಭಾವಮೈದ, ಕೂದಲು ಇಷ್ಟು ಉದುರಿದೆ? ಎಳೆಯದರಲ್ಲೇ ಕೊಯ್ದುಬಿಟ್ಟೆಯಾ?"

ನಕ್ಕೆ. ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ಬೇರು ಬಡವಾಗಿದೆ, ನಿಜ.

ಫೆಬ್ರವರಿ 14

ಅಕ್ಕನ ಹೊಲದಲ್ಲಿ ಕೊಯ್ಲು. ಮೊದಲ ಹೂ ಬರುವ ತನಕ ಕಾದಿದ್ದರು! ಭಾವ ದಿನಾ ಒಂದು ಸಲ ಕುಡುಗೋಲು ಮಸೆದು ಮತ್ತೆ ಸೂರಿಗೆ ಸಿಕ್ಕಿಸುತ್ತಿದ್ದರಂತೆ. ಕೊಯ್ದದ್ದನ್ನು ಅಂಗಳದಲ್ಲಿ ಹರಡಿ ಬಾಡಿಸಿ ಹಾಕಿದರು. ಯಜಮಾನಿ ಪಕ್ಕದ ಗೋದಲಿಗೂ ಮೂತಿ ಹಾಕಿ ಕಂದಾಯ ವಸೂಲಿ ಮಾಡಿದಳು.

ಫೆಬ್ರವರಿ 23

ಚಿಗುರು ಗೇಣುದ್ದ ಎದ್ದಿದೆ. ಇಷ್ಟು ಒತ್ತಾಗಿ ಯಾವತ್ತೂ ಬಂದಿರಲಿಲ್ಲ. ಒಂದು ಗಿಡ ಅಗೆದು ಭಾವನಿಗೆ ಬೇರು ತೋರಿಸಿದೆ. ಬೇರಿನ ಗಂಟನ್ನು ಉಗುರಿನಲ್ಲಿ ಒಡೆದರೆ ಒಳಗೆ ನಸುಗೆಂಪು. ಜೀವಾಣು ಕೆಲಸ ಮಾಡುತ್ತಿರುವ ಗುರುತು. "ಇದೇ ನಿಮ್ಮ ಗೊಬ್ಬರದ ಕಾರ್ಖಾನೆ ಭಾವ."

ಕನ್ನಡಕ ಏರಿಸಿ ನೋಡಿದರು. ಕೊಟ್ಟಿಗೆಗೆ ಹೋದರು. ನಾನೂ ಹಿಂದೆಯೇ ಹೋದೆ. ಯಜಮಾನಿಯ ಬೆನ್ನು ತಟ್ಟಿ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ—

"ಯಜಮಾನೀ, ಮೇವು ಪರವಾಗಿಲ್ಲ ಅಂತ ಹೇಳು."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲ ಸಂದಿಯಲ್ಲಿ ಅಕ್ಕ. ಸೆರಗು ಬಾಯಿಗೆ ಅಡ್ಡ. ನಗುತ್ತಿದ್ದಾಳೆ, ಹುಡುಗಿಯ ಹಾಗೆ.

ಭಾವನ 'ಪರವಾಗಿಲ್ಲ' ಎಂದರೆ ಉಳಿದವರ ಸನ್ಮಾನ ಪತ್ರ. ಬೇಲಿಯ ಆಚೆಯಿಂದ ಅನುಮಾನದಣ್ಣನೂ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಮನೆಗೆ ಬರುವಾಗ ಸ್ಕೂಟರ್ ಒಂದೇ ಒದೆತಕ್ಕೆ ಎದ್ದಿತು. ಅಪಶಕುನ ಅನ್ನಿಸಿತು. ಒಳ್ಳೆಯದು ಅಭ್ಯಾಸವಿಲ್ಲ ನನಗೆ.

ಮಾರ್ಚ್ 1

ಆಫೀಸ್. ಮೇಡಂ ಕರೆದರು. ನಮ್ಮ ಕಾರ್ಯಕ್ರಮವನ್ನು ನಡೆಸುವವರು ಇವರೇ. ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಗಿಡ, ದಿನಾ ಅದನ್ನು ಒರೆಸಲು ಒಬ್ಬ ಮನುಷ್ಯ. ಹಣ ಕೊಡುವ ಅತಿಥಿಗಳು ಅಕ್ಕನ ಹೊಲ ನೋಡಲು ತಿಂಗಳ ಕೊನೆಗೆ ಬರಬೇಕಿತ್ತು. ಈಗ ಆರನೇ ತಾರೀಕೇ ಬರುತ್ತಾರಂತೆ.

"ಮೇಡಂ, ಆಗ ಹೂ ಬಂದಿರಲ್ಲ."

"ಹಸಿರು ಇದೆಯಲ್ಲಾ? ಹಸಿರಿನಲ್ಲಿ ಹಸು ನಿಂತು ಮೇಯ್ತಾ ಇರಲಿ. ರಿಪೋರ್ಟ್ ಕವರ್‌ಗೆ ಒಂದು ಫೋಟೋ ಬೇಕು."

"ಎಳೆ ಕುದುರೆ ಮೆಂತ್ಯದಲ್ಲಿ ಹಸು ಬಿಡಬಾರದು ಮೇಡಂ. ಅದರಲ್ಲೂ ಹಸಿದ ಹಸು, ಇಬ್ಬನಿ ಬಿದ್ದ ಸೊಪ್ಪು... ಹೊಟ್ಟೆಯಲ್ಲಿ ನೊರೆ ಕಟ್ಟುತ್ತೆ. ತೇಗೋಕಾಗದೆ ಉಬ್ಬಿ ಸಾಯ್ತವೆ."

"ಹತ್ತು ನಿಮಿಷ ರೀ. ನೀವೇ ಎಕ್ಸ್‌ಪರ್ಟ್ ಅಲ್ವಾ? ನೋಡ್ಕೊಳ್ಳಿ."

ಎಕ್ಸ್‌ಪರ್ಟ್! ಬೆಣ್ಣೆ ಅಂದರೆ ಹೀಗಿರಬೇಕು, ಸವರಿದ್ದೇ ಗೊತ್ತಾಗಲಿಲ್ಲ. ಹೂಂ ಅಂದೆ.

ಹೆದರುವಂಥದ್ದೇನೂ ಇಲ್ಲ. ಬೆಳಿಗ್ಗೆ ಒಣಹುಲ್ಲು ಹಾಕಿ ಹೊಟ್ಟೆ ತುಂಬಿಸುವುದು. ಇಬ್ಬನಿ ಆರಿದ ಮೇಲೆ ನಾನೇ ನಿಂತು ಗೇಟು ತೆಗೆಯುವುದು. ಎರಡು ಬಾಯಿ ಮೇಯುವಷ್ಟರಲ್ಲಿ ಹೊರಗೆ. ಹೊಟ್ಟೆ ತುಂಬಿದ ಹಸು ಎಷ್ಟು ತಿಂದೀತು?

ಮಾರ್ಚ್ 5

ಅಕ್ಕನಿಗೆ ಮಧ್ಯಾಹ್ನ ಫೋನ್. "ನಾಳೆ ದೊಡ್ಡವರು ಬರ್ತಾರೆ ಅಕ್ಕ. ಹಸುಗಳು ಹೊಲದಲ್ಲಿ ಚೆನ್ನಾಗಿ ಮೇಯ್ತಾ ಇರೋ ಹಾಗೆ ಕಾಣಬೇಕು. ಆದ್ರೆ ಒಂದು ವಿಷಯ—"

"ಅಯ್ಯೋ ಹಾಲು ಉಕ್ತು!" ಕಟ್.

ಮತ್ತೆ ಮಾಡಿದೆ, ಎತ್ತಲಿಲ್ಲ. ಸಂಜೆ ಭಾವನಿಗೆ ಮಾಡಿದೆ. ಒಣಹುಲ್ಲು, ಇಬ್ಬನಿ, ನಾನು ಬರುವ ತನಕ ಗೇಟು ತೆಗೆಯಬಾರದು — ಎಲ್ಲ ಹೇಳಿದೆ. ಅವರು ಬೆಳಿಗ್ಗೆ ಹಾಲಿನ ಕ್ಯಾನ್ ತೆಗೆದುಕೊಂಡು ಡೈರಿಗೆ ಹೋಗುತ್ತಾರಂತೆ.

"ಹಾಗಾದ್ರೆ ಅಕ್ಕನಿಗೆ ಹೇಳಿಬಿಡಿ ಭಾವ. ಮರೀಬೇಡಿ."

"ಹೇಳ್ತೀನಿ ಬಿಡಪ್ಪಾ. ಮರೆಯೋಕೆ ನಾನೇನು ಸಲಹೆಗಾರನಾ?"

ಶರ್ಟ್ ಇಸ್ತ್ರಿ ಆಯಿತು. ಕಾಲರ್ ಸ್ವಲ್ಪ ಸುಟ್ಟಿದೆ. ಫೋಟೋದಲ್ಲಿ ಹಸು ಮುಂದೆ ಇರುತ್ತದಲ್ಲ, ಯಾರು ನೋಡುತ್ತಾರೆ.

ಮಾರ್ಚ್ 6, ಬೆಳಿಗ್ಗೆ

ಸ್ಕೂಟರ್ ಏಳುತ್ತಿಲ್ಲ. ಒದ್ದಾಯಿತು, ಬೈದಾಯಿತು, ಬೇಡಿದ್ದೂ ಆಯಿತು. ಎದುರು ಮನೆಯ ಮೆಕ್ಯಾನಿಕ್ ಹಲ್ಲುಜ್ಜಿ ಬರುತ್ತಾನಂತೆ. ಅವನಿಗೆ ಎಷ್ಟು ಹಲ್ಲುಗಳೋ.

ಪರವಾಗಿಲ್ಲ. ಹೊತ್ತಿದೆ. ಮೇಡಂ ಯಾವತ್ತೂ ಸಮಯಕ್ಕೆ ಬಂದವರಲ್ಲ.

ಮಾರ್ಚ್ 6

ಯಜಮಾನಿ ಹೋದಳು.

ಮಾರ್ಚ್ 9

ಬರೆಯಬೇಕು. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಮೇಡಂ ಅವತ್ತು ಸಮಯಕ್ಕೆ ಬಂದರು. ಸಮಯಕ್ಕೂ ಮೊದಲು. ಕಾರು ನಿಂತದ್ದನ್ನು ನೋಡಿ ಅಕ್ಕ ಗಡಿಬಿಡಿಯಲ್ಲಿ ಗೇಟು ತೆಗೆದಿದ್ದಾಳೆ. ಸೊಪ್ಪಿನ ಮೇಲೆ ಇಬ್ಬನಿ ಹಾಗೇ ಇತ್ತು. ಹಸುಗಳಿಗೆ ಹಿಂದಿನ ಸಂಜೆಯಿಂದ ಒಂದು ಕಡ್ಡಿಯನ್ನೂ ಹಾಕಿರಲಿಲ್ಲ. ಚೆನ್ನಾಗಿ ಮೇಯಬೇಕಲ್ಲ! ಮದುವೆ ಊಟಕ್ಕೆ ಹೋಗುವವರು ಬೆಳಿಗ್ಗೆ ತಿಂಡಿ ಬಿಡುವುದಿಲ್ಲವೇ? ಅಕ್ಕನ ಲೆಕ್ಕ ಅದು. ತಮ್ಮನ ಮರ್ಯಾದೆ ಉಳಿಯಲಿ ಅಂತ ಹಸುಗಳನ್ನು ಉಪವಾಸ ಕಟ್ಟಿದ್ದಳು.

ಯಜಮಾನಿ ಮೊದಲು ನುಗ್ಗಿದಳು. ತಲೆ ಎತ್ತದೆ ಮೇಯ್ದಳಂತೆ. ಅತಿಥಿಗಳು ಚಪ್ಪಾಳೆ ತಟ್ಟಿದರಂತೆ.

ನಾನು ಹೋಗಿ ಸ್ಕೂಟರ್ ಬೀಳಿಸುವ ಹೊತ್ತಿಗೆ ಎಡಗಡೆ ಹೊಟ್ಟೆ ಬೆನ್ನಿಗಿಂತ ಮೇಲೆ ಬಂದಿತ್ತು. ಬಡಿದರೆ ಡೋಲಿನ ಸದ್ದು. ನಾಲಿಗೆ ಹೊರಗೆ. ಉಳಿದವನ್ನು ಓಡಿಸಿ ಹೊರಗೆ ಹಾಕಿದೆ. ದನದ ಡಾಕ್ಟರಿಗೆ ಫೋನ್ — ಹೊರಟೆ, ಅಷ್ಟರಲ್ಲಿ ಎಣ್ಣೆ ಕುಡಿಸಿ, ಮುಂಗಾಲು ದಿಬ್ಬದ ಮೇಲಿರಲಿ ಎಂದರು. ಆಗಲೇ ಭಾವ ಡೈರಿಯಿಂದ ಬಂದರು. ಕ್ಯಾನ್ ಅಲ್ಲೇ ಬಿಸಾಕಿ ಓಡಿದರು. ಆ ಮೊಣಕಾಲಿನಲ್ಲಿ.

"ಬಾಯಿ ಹಿಡಿಯೇ!"

"ಹಿಡಿದಿದೀನಿ ರೀ, ಹಾಕಿ! ಮೆಲ್ಲಗೆ, ಮೆಲ್ಲಗೆ..."

"ನಿನ್ನ ಕೈ ಜೋಪಾನ!"

ವಾರಗಟ್ಟಲೆ ಆದ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದು. ನನಗೆ ಆ ಹೊತ್ತಿನಲ್ಲೂ ಅದು ಕಿವಿಗೆ ಬಿತ್ತು. ಎಂಥ ಮನುಷ್ಯ ನಾನು.

ಡಾಕ್ಟರ್ ಗೇಟಿಗೆ ಬಂದಾಗ ಯಜಮಾನಿ ಕುಸಿದಳು. ಅವರು ಚೀಲ ತೆರೆದರು, ಕಣ್ಣು ಬಿಡಿಸಿ ನೋಡಿದರು, ಚೀಲ ಮುಚ್ಚಿದರು. ಕಾರಿನ ಹತ್ತಿರ ಮೇಡಂ ಮೆಲ್ಲಗೆ, "ಕ್ಯಾಮೆರಾ ಆಫ್ ಮಾಡಿ" ಅಂದರು.

ಭಾವ ಬೆವರು ಒರೆಸಿಕೊಂಡರು. "ಒಣಹುಲ್ಲು ಹಾಕಬೇಕು ಅಂದಿದ್ದೆನಲ್ಲೇ. ಗೇಟು ತೆಗೀಬೇಡ ಅಂದಿದ್ದೆನಲ್ಲ."

"ಯಾರಿಗೆ ಅಂದ್ರಿ?"

ಭಾವ ಕೆಳಗೆ ನೋಡಿದರು. ಬಿಳಿ ಹಣೆ, ಸೊಟ್ಟ ಕೊಂಬು.

ಹೇಳಿದ್ದರು. ಹಿಂದಿನ ಸಂಜೆ ಕೊಟ್ಟಿಗೆಯಲ್ಲಿ, ಯಾವಾಗಿನ ಹಾಗೆ, ಗಟ್ಟಿಯಾಗಿ. ಯಜಮಾನಿಗೆ ಹೇಳಿದ್ದರು. ಅಕ್ಕ ಆಗ ಪಂಪ್‌ಸೆಟ್ ಹತ್ತಿರ ಕ್ಯಾನ್ ತೊಳೆಯುತ್ತಿದ್ದಳು. ಮೋಟರ್ ಓಡುತ್ತಿತ್ತು.

ಮಾರ್ಚ್ 13

ಅಕ್ಕನ ಮನೆಗೆ ಹೋದೆ. ಬೆಳಿಗ್ಗೆ ಗೇಟು ತೆಗೆದರೆ ಉಳಿದ ಹಸುಗಳು ಸಾಲಾಗಿ ನಿಂತಿದ್ದವು. ಒಂದೂ ದಾಟಲಿಲ್ಲ. ಒಂದರ ಮುಖ ಒಂದು ನೋಡುತ್ತಿದ್ದವು — ನೀನು ಮೊದಲು, ನೀನು ಮೊದಲು. ಭಾವ ಕೋಲು ಎತ್ತಿದರು. ಹಾಗೇ ಇಳಿಸಿದರು.

ಬಾಡಿಸಿ ಹಾಕಿದರೆ ಏನೂ ಆಗುವುದಿಲ್ಲ, ಫೆಬ್ರವರಿಯಲ್ಲಿ ತಿಂದವಲ್ಲ ಎಂದೆ. ಬೆಳೆಯ ತಪ್ಪಲ್ಲ ಎಂದೆ. ಭಾವ ಮೇವಿನ ಬುಟ್ಟಿ ಎತ್ತಿ ಗೋಡೆಗೆ ಎಸೆದರು. ನನಗೆ ಎಸೆಯಲಿಲ್ಲ. ಎಸೆದಿದ್ದರೆ ಚೆನ್ನಾಗಿತ್ತು.

ಅನುಮಾನದಣ್ಣ ಬದುವಿನಲ್ಲಿ ಸಿಕ್ಕಿದ. ಚುಚ್ಚು ಮಾತು ಕಾಯುತ್ತಾ ನಿಂತೆ. ಅವನು ಬೀಡಿ ಆರಿಸಿದ.

"ನಿಮ್ಮ ತಪ್ಪು ಅಂತ ಯಾರೂ ಹೇಳ್ತಾ ಇಲ್ಲ ಸಾರ್."

ಹಾಗಾದರೆ ಎಲ್ಲರೂ ಹೇಳುತ್ತಿದ್ದಾರೆ.

ಅವನ ಕುದುರೆ ಮೆಂತ್ಯದ ಮಡಿ ಉಳುಮೆ ಆಗಿತ್ತು. ಎಳೇ ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ಒಂದನ್ನು ಎತ್ತಿ ಗಂಟು ಒಡೆದು ನೋಡಿದೆ. ಕೆಂಪಾಗಿತ್ತು. ಕಿಸೆಗೆ ಹಾಕಿಕೊಂಡೆ. ಯಾರಿಗೆ ತೋರಿಸಲಿ? ರಸ್ತೆಯುದ್ದಕ್ಕೂ ವಿಷದ ವಾಸನೆ.

ಮಾರ್ಚ್ 19

ಭಾವನ ಫೋನ್.

"ನಿಮ್ಮ ಅಕ್ಕನಿಗೆ ಹೇಳು. ಭಾನುವಾರ ಲಾರಿ ಬರುತ್ತೆ."

"ಅಕ್ಕ ಎಲ್ಲಿದಾಳೆ ಭಾವ?"

"ಇಲ್ಲೇ. ಅನ್ನ ಬಸೀತಾ ಇದಾಳೆ."

ಆಫೀಸಿನವರು ಕೊಟ್ಟ ಇನ್ನೊಂದು ಫೋನಿನಿಂದ ಅಕ್ಕನಿಗೆ ಮಾಡಿದೆ. ಅವಳ ಫೋನ್ ಬಡಿದುಕೊಳ್ಳುವುದು ಭಾವನ ಫೋನಿನಲ್ಲೇ ಕೇಳಿಸಿತು. ಎತ್ತಿದಳು. ಹೇಳಿದೆ.

"ಅವರಿಗೆ ಹೇಳು, ಕೇಳಿಸ್ತು ಅಂತ."

ಎಡಗಿವಿಗೆ ಗಂಡ, ಬಲಗಿವಿಗೆ ಹೆಂಡತಿ. ನಡುವೆ ನಾನು. ಯಜಮಾನಿಯ ಹುದ್ದೆ ನನಗೆ ಬಂದಿದೆ. ಅನುಭವ ಇಲ್ಲ, ಆದರೆ ಮೆಲುಕು ಹಾಕುವುದು ಬರುತ್ತದೆ. ಈಚೆಗೆ ಅದೊಂದೇ ಬರುವುದು.

ಹಸು ಹೋದ ದಿನ ನಾನೂ ಹೋದೆ ಅಂದ್ಕೊಳ್ಳಿ ಅಂದಿದ್ದಳು. ಎಲ್ಲಿಗೆ ಹೋಗುತ್ತಾಳೆ? ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ 24

ಲಾರಿ ಬಂದಿತ್ತು. ಹಿಂದೆ ಹಲಗೆ ಇಳಿಸಿದರು. ಹಸುಗಳು ಹತ್ತಲಿಲ್ಲ. ಕ್ಲೀನರ್ ಬಾಲ ತಿರುಚಿದ, ಡ್ರೈವರ್ ಹಗ್ಗ ಎಳೆದ. ಹಲಗೆಯ ಬುಡದಲ್ಲಿ ನಿಂತವು ನಿಂತೇ ಇದ್ದವು. ಭಾವ ಬೆನ್ನು ತಿರುಗಿಸಿ ಬೇಲಿ ಹಿಡಿದುಕೊಂಡಿದ್ದರು.

"ಹೊಡೀಬೇಡಿ" ಅಂದಳು ಅಕ್ಕ.

ಬಂದು, ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ತಾನೇ ನಡೆದಳು. ಲಾರಿಯೊಳಗೆ ಹೋಗಿ ಮೂಲೆಯಲ್ಲಿ ನಿಂತಳು. ತಿರುಗಿ ನೋಡಲಿಲ್ಲ. ಹಸುಗಳು ಒಂದರ ಹಿಂದೆ ಒಂದು ಹತ್ತಿದವು. ಎಷ್ಟು ಸಲೀಸಾಗಿ.

ಆಮೇಲೆ ಅವುಗಳ ನಡುವೆ ದಾರಿ ಮಾಡಿಕೊಂಡು ಇಳಿದಳು. ಚಪ್ಪಲಿ ಹಾಕಿಕೊಂಡಳು. ಒಳಗೆ ಹೋಗಿ ಖಾಲಿ ಗೋದಲಿಗಳನ್ನು ತೊಳೆಯಲು ಶುರುಮಾಡಿದಳು.

ಈ ಪುಟದಲ್ಲಿ ಒಂದು ತಮಾಷೆ ಹುಡುಕುತ್ತಾ ಬಹಳ ಹೊತ್ತು ಕೂತೆ.

ಮಾರ್ಚ್ 27

ಮೇಡಂ ಕವರ್ ತೋರಿಸಿದರು. ಯಜಮಾನಿ. ಬಾಯಿ ತುಂಬ ಹಸಿರು, ಬಿಳಿ ಹಣೆಯ ಮೇಲೆ ಎಳೆ ಬಿಸಿಲು.

"ಎಷ್ಟು ಚೆನ್ನಾಗಿ ಬಂದಿದೆ ನೋಡಿ. ಇಬ್ಬನಿ ಕೂಡ ಕಾಣ್ಸುತ್ತೆ."

"ಈ ಹಸು ಸತ್ತಿದೆ ಮೇಡಂ."

"ಗೊತ್ತು, ಪಾಪ. ಆದ್ರೆ ಫೋಟೋದಲ್ಲಿ ಗೊತ್ತಾಗಲ್ಲ ಅಲ್ವಾ?"

ಜೂನ್ ಆದ ಮೇಲೆ ಕಾರ್ಯಕ್ರಮ ಮುಂದುವರಿಯುವುದಿಲ್ಲ. ಕೊನೆಯ ಅಧ್ಯಾಯ ನಾನು ಬರೆಯಬೇಕು: 'ಕಲಿತ ಪಾಠಗಳು.' ಎರಡು ಪುಟ ಇರಲಿ, ನೆಗೆಟಿವ್ ಬೇಡ ಎಂದರು. ಶೀರ್ಷಿಕೆ ಹಾಕಿ, ಅಡಿಗೆರೆ ಎಳೆದು, ಕಂಪ್ಯೂಟರ್ ಆಫ್ ಮಾಡಿದೆ.

ಏಪ್ರಿಲ್ 2

ಸ್ಕೂಟರ್ ಮಾರಿಬಿಟ್ಟೆ. ಮೆಕ್ಯಾನಿಕ್ಕೇ ಕೊಂಡುಕೊಂಡ. ಅವನಿಗೆ ಒಂದೇ ಒದೆತಕ್ಕೆ ಎದ್ದಿತು, ನಾಯಿ.

ಸಂಜೆ ಅಕ್ಕನ ಫೋನ್. ಭಾವನಿಗೆ ಏನು ಹೇಳಬೇಕು ಅಂತ ಪೆನ್ನು ಹಿಡಿದು ಕೂತೆ. ಅದಲ್ಲ.

"ತಮ್ಮಾ, ಹೂ ಬಂದಿದೆ ಕಣೋ."

"ಎಲ್ಲಿ?"

"ಹೊಲದಲ್ಲಿ. ನೇರಳೆ. ಇಡೀ ಹೊಲ. ಜೇನು ಕೂತಿವೆ. ಇಷ್ಟು ಹೂ ನಾನು ನೋಡೇ ಇಲ್ಲ."

ಎಷ್ಟು ಸಲ ಬೇಡಿಕೊಂಡಿದ್ದೆ: ಹೂ ಬರುವ ತನಕ ಕೊಯ್ಯಬೇಡಿ. ಈಗ ಯಾರೂ ಕೊಯ್ದಿಲ್ಲ. ಕೊಯ್ಯುವ ಕಾರಣವೇ ಇಲ್ಲ. ಸಲಹೆ ಇಷ್ಟು ಅಚ್ಚುಕಟ್ಟಾಗಿ ಪಾಲನೆಯಾದದ್ದು ಇದೇ ಮೊದಲು. ಸೋಮವಾರ ದೊಡ್ಡ ಫಾರಂನವರ ಟ್ರ್ಯಾಕ್ಟರ್ ಬರುತ್ತದೆ.

"ಹೂ ಬಂದ ಮೇಲೆ ಕೊಯ್ಯಬೇಕು ಅಂದಿದ್ದೆ ನೀನು. ಕುಡುಗೋಲು ಮಸೆದಿಟ್ಟಿದೀನಿ. ನಾಳೆ ಕೊಯ್ದು ಅಂಗಳದಲ್ಲಿ ಬಾಡಿಸ್ತೀನಿ. ಬಾಡಿಸಿ..."

ಹಿಂದೆ ಭಾವ ಕೆಮ್ಮಿದ್ದು ಕೇಳಿಸಿತು. ಅಷ್ಟು ಹತ್ತಿರ ಇದ್ದರು.

"ಬಾಡಿಸಿ ಯಾರಿಗೆ ಹಾಕಲಿ ಅಂತ ಅವರನ್ನ ಕೇಳು" ಅಂದಳು.

ನೀನೇ ಕೇಳಕ್ಕಾ, ಪಕ್ಕದಲ್ಲೇ ಇದ್ದಾರಲ್ಲ — ಅನ್ನಬಹುದಿತ್ತು. ಅನ್ನಲಿಲ್ಲ. ಆಫೀಸಿನ ಫೋನ್ ತೆಗೆದು ಭಾವನಿಗೆ ಮಾಡಿದೆ. ಎತ್ತಿದರು.

"ಹೇಳಪ್ಪಾ."

ಎರಡೂ ಕಿವಿಯಲ್ಲಿ ಒಂದೇ ಮನೆಯ ಗಡಿಯಾರದ ಸದ್ದು. ಇಬ್ಬರೂ ಕಾಯುತ್ತಿದ್ದರು. ನಾನು ಕೇಳಿದೆ: "ಬಾಡಿಸಿ ಯಾರಿಗೆ ಹಾಕಲಿ ಅಂತ ಅಕ್ಕ ಕೇಳ್ತಾ ಇದಾಳೆ ಭಾವ."